ನೇಪಾಳವೋ, ಭೂತಾನೋ?

ಪರೀಕ್ಷೆ ಮುಗಿದು ರಜೆ ಬಂತೆಂದರೆ ಹಿಂದೆಲ್ಲ ಅಜ್ಜಿಯ ಊರು. ಅದು ಬಿಟ್ಟರೆ ಧರ್ಮಸ್ಥಳ, ಶೃಂಗೇರಿ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದರೆ ಊಟಿ. ಈಗ ಮಧ್ಯಮ ವರ್ಗದ ಮನೆಗಳಲ್ಲೂ ಮಕ್ಕಳು 'ಒಂದು ಸಲ ಹೊರದೇಶಕ್ಕೆ ಹೋಗಿ ಬರೋಣ' ಎಂಬ ಬೇಡಿಕೆ ಮುಂದಿಡುತ್ತಾರೆ. ಅಪ್ಪ ಮನಸ್ಸಿನಲ್ಲೇ ಉಳಿತಾಯದ ಲೆಕ್ಕ ಹಾಕುತ್ತಾರೆ. ಅಮ್ಮನಿಗೆ ಅಲ್ಲಿ ಊಟಕ್ಕೇನು ಗತಿ ಎಂಬ ಚಿಂತೆ. ಸಿಂಗಪುರ, ದುಬೈಗಳ ಖರ್ಚು ಕೂಡಿಸಿ ನೋಡಿ ಎಲ್ಲರೂ ಒಮ್ಮೆ ಸುಮ್ಮನಾದ ಮೇಲೆ, ಯಾರಾದರೂ ಒಬ್ಬರು ಭೂಪಟದ ಮೇಲ್ತುದಿಗೆ ಬೆರಳಿಡುತ್ತಾರೆ. ಹಿಮಾಲಯದ ಮಡಿಲಲ್ಲಿ ಎರಡು ಪುಟ್ಟ ದೇಶಗಳು. ಭಾರತೀಯರಿಗೆ ಎರಡಕ್ಕೂ ವೀಸಾ ಬೇಡ. ರೈಲು, ಬಸ್ಸು ಹಿಡಿದೇ ಗಡಿ ಮುಟ್ಟಬಹುದು. ನಮ್ಮ ರೂಪಾಯಿಗೂ ಅಲ್ಲಿ ಬೆಲೆಯಿದೆ. ಆದರೆ ರಜೆ ಒಂದೇ, ಹಣವೂ ಒಂದಕ್ಕೇ ಸಾಲುವಷ್ಟು. ಯಾವುದನ್ನು ಆರಿಸಿಕೊಳ್ಳಬೇಕು?

ಮೇಲುನೋಟಕ್ಕೆ ಇದು ಖರ್ಚಿನ ಪ್ರಶ್ನೆ. ಸ್ವಲ್ಪ ಒಳಹೊಕ್ಕು ನೋಡಿದರೆ ಬೇರೆಯೇ ಒಂದು ಪಾಠ ಕಾಣುತ್ತದೆ. ಸಣ್ಣ ಮನೆಯವರು ಬಂದ ಅತಿಥಿಗಳನ್ನು ಹೇಗೆ ಬರಮಾಡಿಕೊಳ್ಳಬೇಕು? ಈ ಪ್ರಶ್ನೆಗೆ ನೇಪಾಳ ಒಂದು ಉತ್ತರ ಕೊಟ್ಟಿದೆ, ಭೂತಾನ್ ಇನ್ನೊಂದು. ಮೊದಲ ಬಾರಿ ದೇಶದ ಗಡಿ ದಾಟುವ ವಿದ್ಯಾರ್ಥಿಗೆ ಈ ಎರಡು ಉತ್ತರಗಳನ್ನು ತಿಳಿದುಕೊಳ್ಳುವುದು ಹೊರಡುವ ಮುನ್ನವೇ ಮಾಡಬೇಕಾದ ಅರ್ಧ ಪ್ರವಾಸ.

ಭೂಪಟದ ಮುಂದೆ

ಮೊದಲು ಅಟ್ಲಾಸ್ ತೆರೆಯುವುದು ಒಳ್ಳೆಯದು. ನೇಪಾಳದ ವಿಸ್ತೀರ್ಣ ಸುಮಾರು 1,47,500 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮುಕ್ಕಾಲು ಪಾಲು. ಭೂತಾನ್ 38 ಸಾವಿರ ಚದರ ಕಿ.ಮೀ. ಚಿಲ್ಲರೆ, ಕರ್ನಾಟಕದ ಐದನೇ ಒಂದು ಭಾಗ. ಜನಸಂಖ್ಯೆಯಲ್ಲಿ ಅಂತರ ಇನ್ನೂ ದೊಡ್ಡದು. ನೇಪಾಳದಲ್ಲಿ ಸುಮಾರು ಮೂರು ಕೋಟಿ ಜನ. ಭೂತಾನ್‌ನಲ್ಲಿ ಎಂಟು ಲಕ್ಷವೂ ಇಲ್ಲ. ನಮ್ಮ ಮೈಸೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ!

ಎರಡೂ ಅಕ್ಕಪಕ್ಕದ ದೇಶಗಳೆಂದು ತೋರಿದರೂ ಅವುಗಳ ಗಡಿಗಳು ಒಂದಕ್ಕೊಂದು ತಾಗುವುದಿಲ್ಲ. ನಡುವೆ ಸಿಕ್ಕಿಂ ಮತ್ತು ಪಶ್ಚಿಮ ಬಂಗಾಳದ ಸಿಲಿಗುರಿಯ ಕಿರಿದಾದ ಪಟ್ಟಿ ಇದೆ. ಈ ಮೂರು ನೆಲಗಳ ಕಥೆಯನ್ನು ಸಮಾಜ ವಿಜ್ಞಾನದ ವಿದ್ಯಾರ್ಥಿಗಳು ಒಟ್ಟಿಗೇ ಓದಬೇಕು. 1974ರಲ್ಲಿ ಈ ಮೂರೂ ಕಡೆ ಅರಸರಿದ್ದರು. 1975ರಲ್ಲಿ ಸಿಕ್ಕಿಂ ಭಾರತದ 22ನೆಯ ರಾಜ್ಯವಾಯಿತು. ನೇಪಾಳ ಹತ್ತು ವರ್ಷಗಳ ಅಂತಃಕಲಹ ಕಂಡು, 2008ರಲ್ಲಿ ಅರಸೊತ್ತಿಗೆಯನ್ನು ತೆಗೆದುಹಾಕಿ ಗಣರಾಜ್ಯವಾಯಿತು. ಅದೇ 2008ರಲ್ಲಿ ಭೂತಾನ್ ಅರಸನನ್ನು ಉಳಿಸಿಕೊಂಡೇ ಸಂವಿಧಾನ ಬರೆದುಕೊಂಡು ಚುನಾವಣೆ ನಡೆಸಿತು. ಒಂದೇ ಪರ್ವತಸಾಲಿನ ಮೂರು ಮನೆಗಳು ಮೂರು ದಾರಿ ಹಿಡಿದವು.

ಬಾಗಿಲು ತೆರೆದ ಮನೆ

1951ರಲ್ಲಿ ರಾಣಾ ವಂಶದ ಆಡಳಿತ ಕೊನೆಗೊಳ್ಳುವವರೆಗೂ ನೇಪಾಳ ಹೊರಗಿನವರಿಗೆ ಮುಚ್ಚಿದ ದೇಶವೇ ಆಗಿತ್ತು. ತೆರೆದುಕೊಂಡ ಎರಡೇ ವರ್ಷಕ್ಕೆ, 1953ರ ಮೇ 29ರಂದು, ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ನೆತ್ತಿಯ ಮೇಲೆ ನಿಂತರು. ಆಮೇಲೆ ಬಾಗಿಲು ಮುಚ್ಚಿದ್ದೇ ಇಲ್ಲ. ಪರ್ವತಾರೋಹಿಗಳು ಬಂದರು, ಅರುವತ್ತರ ದಶಕದಲ್ಲಿ ಹಿಪ್ಪಿಗಳು ಬಂದರು, ಯಾತ್ರಿಕರಂತೂ ಮೊದಲಿನಿಂದಲೂ ಬರುತ್ತಿದ್ದರು. ಭಾರತದ ಜತೆ 1950ರಲ್ಲಿ ಆದ ಒಪ್ಪಂದದಿಂದಾಗಿ 1,750 ಕಿ.ಮೀ. ಉದ್ದದ ಗಡಿಯಲ್ಲಿ ಎರಡೂ ಕಡೆಯ ಜನ ಇಂದಿಗೂ ವೀಸಾ ಇಲ್ಲದೆ ಓಡಾಡುತ್ತಾರೆ. 2024ರಲ್ಲಿ ನೇಪಾಳಕ್ಕೆ ಬಂದ ವಿದೇಶೀಯರ ಸಂಖ್ಯೆ ಹನ್ನೊಂದು ಲಕ್ಷ ದಾಟಿತು.

ಕಠ್ಮಂಡುವಿಗೆ ಕಾಲಿಟ್ಟ ಕೂಡಲೇ ಈ ತೆರೆದ ಬಾಗಿಲಿನ ಸುಖವೂ ಕಷ್ಟವೂ ಒಟ್ಟಿಗೇ ಎದುರಾಗುತ್ತವೆ. ಸುಖವೆಂದರೆ ಕಠ್ಮಂಡು ಕಣಿವೆ. ಇಲ್ಲಿನ ಏಳು ತಾಣಗಳ ಗುಂಪನ್ನು ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಠ್ಮಂಡು, ಪಾಟನ್, ಭಕ್ತಪುರಗಳ ಅರಮನೆ ಚೌಕಗಳು, ಸ್ವಯಂಭೂನಾಥ, ಬೌದ್ಧನಾಥ, ಪಶುಪತಿನಾಥ, ಚಾಂಗು ನಾರಾಯಣ, ಇವೆಲ್ಲ ಒಂದರಿಂದ ಒಂದಕ್ಕೆ ಕೆಲವೇ ಕಿಲೋಮೀಟರ್ ದೂರ. ಭಕ್ತಪುರದ ಕೆಂಪು ಇಟ್ಟಿಗೆಯ ಓಣಿಗಳಲ್ಲಿ ಕುಂಬಾರರು ಇಂದಿಗೂ ಮಡಕೆಗಳನ್ನು ಬಿಸಿಲಿಗೆ ಒಣಗಿಸುತ್ತಾರೆ. ಅಲ್ಲಿನ ಕುಂಬಾರರ ಚೌಕದಲ್ಲಿ ಅರ್ಧ ಗಂಟೆ ಕುಳಿತ ಮಗುವಿಗೆ 'ಪರಂಪರೆ' ಎಂಬ ಮಾತಿನ ಅರ್ಥವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಕಷ್ಟವೆಂದರೆ ಧೂಳು, ವಾಹನ ಸಂದಣಿ, ಅಂಗಡಿಯವರ ಕೂಗು. ಊರ ತುಂಬ ಹೋಟೆಲು, ಏಜೆಂಟರು. ನಮ್ಮ ಮೆಜೆಸ್ಟಿಕ್ಕಿನಲ್ಲಿ ಓಡಾಡಿದವರಿಗೆ ಇದು ಹೊಸತಲ್ಲವೆನ್ನಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಕಠ್ಮಂಡುವಿನ ಹೆಸರಿಗೇ ಮೂಲವಾದ ಕಾಷ್ಠಮಂಡಪ ಕುಸಿದುಬಿತ್ತು. ಅದನ್ನು ಮತ್ತೆ ಕಟ್ಟಿದ್ದಾರೆ. ಹಳೆಯ ಕೆತ್ತನೆಯ ಮರದ ಪಕ್ಕದಲ್ಲಿ ಹೊಸ ಮರ ಜೋಡಿಸಿದ ಗುರುತುಗಳು ಹಲವು ಗುಡಿಗಳಲ್ಲಿ ಎದ್ದು ಕಾಣುತ್ತವೆ. ಬಿದ್ದುದನ್ನು ಮತ್ತೆ ಎಬ್ಬಿಸುವುದು ಎಷ್ಟು ನಿಧಾನದ ಕೆಲಸವೆಂದು ಮಕ್ಕಳು ಕಣ್ಣಾರೆ ಕಾಣಬಹುದು.

ನೇಪಾಳದಲ್ಲಿ ಭಾಷೆಯ ತೊಡಕೂ ಕಡಿಮೆ. ನೇಪಾಳಿಗೆ ದೇವನಾಗರಿ ಲಿಪಿ. ಮೂರನೆಯ ಭಾಷೆಯಾಗಿ ಹಿಂದಿ ಕಲಿತ ಹುಡುಗ ಹುಡುಗಿಯರು ಅಂಗಡಿಯ ಫಲಕಗಳನ್ನು ಓದುತ್ತ ಹೋಗಬಹುದು. ಊಟಕ್ಕೆ ದಾಲ್-ಭಾತ್ ಎಲ್ಲೆಲ್ಲೂ ಇದೆ. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ ಇರುವ ತಟ್ಟೆ ಕಂಡರೆ ಅಮ್ಮನ ಅರ್ಧ ಚಿಂತೆ ಕಳೆದಂತೆಯೇ.

ಇನ್ನೊಂದು ಮಾತು. ನಮ್ಮ ಹಲವು ಮನೆಗಳಲ್ಲಿ ನೇಪಾಳವೆಂದರೆ ನೆನಪಾಗುವುದು ರಾತ್ರಿ ಸೀಟಿ ಊದುತ್ತ ಬೀದಿ ಕಾಯುವ ಗೂರ್ಖಾ, ಇಲ್ಲವೇ ಹೋಟೆಲಿನಲ್ಲಿ ತಟ್ಟೆ ತಂದಿಡುವ ಹುಡುಗ. ದುಡಿಯಲು ಹೊರಹೋದವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ. ಕಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ಕೊಲ್ಲಿ ದೇಶಗಳಿಗೆ ಹೊರಟ ಯುವಕರು, ಅವರನ್ನು ಕಳಿಸಲು ಬಂದ ತಾಯಂದಿರು ಸಾಲುಸಾಲಾಗಿ ಸಿಗುತ್ತಾರೆ. ಗೂರ್ಖಾನ ಊರಿನಲ್ಲಿ ನಾವು ಅತಿಥಿಗಳು, ಅವನು ಮನೆಯೊಡೆಯ. ಈ ಅದಲುಬದಲು ಕಲಿಸುವಷ್ಟನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಬಾಗಿಲಲ್ಲೇ ಶುಲ್ಕ

ಭೂತಾನ್‌ನ ಕಥೆ ಬೇರೆ. 1958ರಲ್ಲಿ ಪ್ರಧಾನಿ ನೆಹರೂ ಅಲ್ಲಿಗೆ ಹೋದಾಗ ವಾಹನ ಓಡಾಡುವ ರಸ್ತೆಯೇ ಇರಲಿಲ್ಲ. ಕಣಿವೆ, ಕಣಿವೆಮಾರ್ಗಗಳನ್ನು ದಾಟಿಕೊಂಡು ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಪಾರೊ ತಲುಪಿದರು. ಗಡಿಯ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ರಸ್ತೆ ಆದದ್ದು ಅರುವತ್ತರ ದಶಕದಲ್ಲಿ, ಭಾರತದ ಗಡಿ ರಸ್ತೆ ಸಂಸ್ಥೆಯ ಕೈಯಿಂದ. ವಿದೇಶಿ ಪ್ರವಾಸಿಗರಿಗೆ ದೇಶ ತೆರೆದುಕೊಂಡದ್ದು 1974ರಲ್ಲಿ. ಟೆಲಿವಿಷನ್ ಬಂದದ್ದು 1999ರಲ್ಲಿ!

ಬಾಗಿಲು ತೆರೆಯುವಾಗ ಭೂತಾನ್‌ನ ಕಣ್ಣು ನೇಪಾಳದ ಅನುಭವದ ಮೇಲಿತ್ತು. ಬರುವವರು ಕಡಿಮೆ ಇರಲಿ, ಬಂದವರು ಹೆಚ್ಚು ಕೊಡಲಿ ಎಂಬ ನೀತಿ ಅಲ್ಲಿಂದ ಬೆಳೆಯಿತು. ಬಹುಕಾಲ ಭಾರತೀಯರಿಗೆ ಇದರಿಂದ ವಿನಾಯಿತಿಯಿತ್ತು. ಕೊರೊನಾ ಕಾಲದಲ್ಲಿ ಮುಚ್ಚಿದ ಗಡಿ 2022ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದ ಮೇಲೆ ಭಾರತೀಯರೂ ಒಂದು ರಾತ್ರಿಗೆ ತಲಾ 1,200 ರೂಪಾಯಿ ಕೊಡಬೇಕು. ಇದನ್ನು 'ಸುಸ್ಥಿರ ಅಭಿವೃದ್ಧಿ ಶುಲ್ಕ' ಎನ್ನುತ್ತಾರೆ. ಬೇರೆ ವಿದೇಶೀಯರಿಗೆ 2023ರ ಸೆಪ್ಟೆಂಬರಿನಿಂದ ಇದು 100 ಡಾಲರ್. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಅದಕ್ಕಿಂತ ಚಿಕ್ಕವರಿಗೆ ಇಲ್ಲ.

ಇಲ್ಲೇ ಒಂದು ಮನೆಲೆಕ್ಕ ಮಾಡಬಹುದು. ಅಪ್ಪ, ಅಮ್ಮ, ಹದಿನೈದರ ಮಗಳು, ಹತ್ತರ ಮಗ. ಐದು ರಾತ್ರಿ. ದೊಡ್ಡವರಿಬ್ಬರಿಗೆ 12,000, ಮಗಳಿಗೆ 6,000, ಮಗನಿಗೆ 3,000. ಒಟ್ಟು 21,000 ರೂಪಾಯಿ. ಹೋಟೆಲು, ವಾಹನ, ಊಟಕ್ಕೆ ಮೊದಲೇ ಇಷ್ಟು ಎತ್ತಿಡಬೇಕು. ನೇಪಾಳದಲ್ಲಿ ಈ ಬಾಬ್ತು ಸೊನ್ನೆ.

ಹಾಗಾದರೆ ಈ ಹಣಕ್ಕೆ ಸಿಗುವುದೇನು? ಥಿಂಪುವಿನ ಬೀದಿಯಲ್ಲಿ ನಿಂತರೆ ತಿಳಿಯುತ್ತದೆ. ಸಂಚಾರ ದೀಪಗಳೇ ಇಲ್ಲದ ರಾಜಧಾನಿ ಅದು. ಚೌಕದ ನಡುವಿನ ಪುಟ್ಟ ಮಂಟಪದಲ್ಲಿ ಬಿಳಿ ಕೈಗವಸು ತೊಟ್ಟ ಪೋಲೀಸನೊಬ್ಬ ನಾಟ್ಯದಂತೆ ಕೈ ಬೀಸುತ್ತಾನೆ, ವಾಹನಗಳು ಸದ್ದಿಲ್ಲದೆ ಸಾಗುತ್ತವೆ. ದೇಶದ ನೆಲದಲ್ಲಿ ಯಾವ ಕಾಲಕ್ಕೂ ನೂರಕ್ಕೆ ಅರುವತ್ತು ಭಾಗ ಕಾಡಿರಲೇಬೇಕು ಎಂದು ಸಂವಿಧಾನವೇ ಹೇಳುತ್ತದೆ. ಈಗ ಇರುವುದು ಸುಮಾರು ಎಪ್ಪತ್ತು ಭಾಗ. ಶಾಲೆಯ ಹುಡುಗರು 'ಘೋ', ಹುಡುಗಿಯರು 'ಕಿರಾ' ಎಂಬ ನಾಡಉಡುಪಿನಲ್ಲೇ ಪಾಠಕ್ಕೆ ಹೋಗುತ್ತಾರೆ. ಶಾಲೆಗಳ ಮಾಧ್ಯಮ ಇಂಗ್ಲಿಷ್ ಆದ್ದರಿಂದ ನಮ್ಮ ಮಕ್ಕಳು ಅವರೊಡನೆ ಸಲೀಸಾಗಿ ಮಾತಿಗಿಳಿಯಬಹುದು.

ಪುನಾಖಾದಲ್ಲಿ ಫೋ ಛು, ಮೋ ಛು ಎಂಬ ಎರಡು ನದಿಗಳು ಸೇರುವಲ್ಲಿ ಹದಿನೇಳನೆಯ ಶತಮಾನದ ಕೋಟೆಮಠ ಇದೆ. ಪಾರೊದಲ್ಲಿ ತಾಕ್ತ್ಸಾಂಗ್ ಮಠ, ಅಂದರೆ 'ಹುಲಿಯ ಗವಿ', ಬಂಡೆಯ ಅಂಚಿಗೆ ಗುಬ್ಬಿಗೂಡಿನಂತೆ ಅಂಟಿಕೊಂಡಿದೆ. 1692ರಲ್ಲಿ ಕಟ್ಟಿದ ಈ ಮಠ 1998ರಲ್ಲಿ ಬೆಂಕಿಗೆ ತುತ್ತಾಯಿತು, ಮತ್ತೆ ಕಟ್ಟಿದರು. ಹತ್ತಿ ಇಳಿಯಲು ನಾಲ್ಕೈದು ಗಂಟೆ ಬೇಕು. ಮಠದೊಳಗೆ ಫೋಟೊ ತೆಗೆಯುವಂತಿಲ್ಲ, ಟೋಪಿ ತೆಗೆಯಬೇಕು, ತೋಳು ಕಾಲು ಮುಚ್ಚುವ ಬಟ್ಟೆ ತೊಡಬೇಕು.

ಊಟದ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ. 'ಎಮಾ ದಾತ್ಸಿ' ಅಲ್ಲಿನ ಹೆಸರಾಂತ ಪದಾರ್ಥ. ಅದರಲ್ಲಿ ಮೆಣಸಿನಕಾಯಿಯೇ ತರಕಾರಿ, ಜತೆಗೆ ಗಿಣ್ಣು. ಬ್ಯಾಡಗಿಯವರೂ ಮೊದಲ ತುತ್ತಿಗೆ ನೀರು ಕೇಳಬಹುದು! ಪಾರೊ ಕಣಿವೆಯ ಕೆಂಪಕ್ಕಿ ಅನ್ನ ಮಾತ್ರ ಕರಾವಳಿಯವರಿಗೆ ತಮ್ಮ ಮನೆಯದನ್ನೇ ನೆನಪಿಸೀತು.

ಎರಡು ಶಿಖರಗಳು

ಎರಡು ದೇಶಗಳ ನೀತಿಯನ್ನು ಎರಡು ಶಿಖರಗಳ ಮೂಲಕ ಮಕ್ಕಳಿಗೆ ಸುಲಭವಾಗಿ ವಿವರಿಸಬಹುದು.

ನೇಪಾಳ ಮತ್ತು ಚೀನಾ 2020ರಲ್ಲಿ ಒಟ್ಟಾಗಿ ಎವರೆಸ್ಟಿನ ಎತ್ತರವನ್ನು 8,848.86 ಮೀಟರ್ ಎಂದು ಪ್ರಕಟಿಸಿದವು. ಈ ಶಿಖರ ಏರಲು ನೇಪಾಳ ಪರವಾನಗಿ ಕೊಡುತ್ತದೆ. ವಸಂತ ಋತುವಿನ ಆರೋಹಣಕ್ಕೆ 11,000 ಡಾಲರ್ ಇದ್ದ ಶುಲ್ಕವನ್ನು 2025ರಲ್ಲಿ 15,000ಕ್ಕೆ ಏರಿಸಿತು. ಆ ಹಣದಿಂದ, ಆರೋಹಿಗಳ ಸಾಮಾನು ಹೊರುವ ಕೆಲಸದಿಂದ, ದಾರಿಯ ಚಹಾ ಅಂಗಡಿಗಳಿಂದ ಸಾವಿರಾರು ಸಂಸಾರಗಳು ನಡೆಯುತ್ತವೆ. ಶೆರ್ಪಾ ಜನರ ಮಕ್ಕಳು ಶಾಲೆ ಕಂಡಿದ್ದಾರೆ. ಜತೆಗೇ ಶಿಖರದ ಬುಡದಲ್ಲಿ ಕಸದ ರಾಶಿ ಬಿದ್ದಿದೆ. 2019ರಲ್ಲಿ ತುದಿಯ ಏಣಿನ ಮೇಲೆ ಜನ ಪಡಿತರ ಅಂಗಡಿಯ ಮುಂದಿನಂತೆ ಸಾಲು ನಿಂತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಭೂತಾನ್‌ನ ಗಂಖರ್ ಪುನ್‌ಸುಮ್ ಶಿಖರದ ಎತ್ತರ 7,570 ಮೀಟರ್. ಮನುಷ್ಯರು ಇನ್ನೂ ಏರದ ಶಿಖರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಎಂಬತ್ತರ ದಶಕದಲ್ಲಿ ಕೆಲವು ತಂಡಗಳು ಪ್ರಯತ್ನಿಸಿ ಸೋತವು. 1994ರಲ್ಲಿ ಆರು ಸಾವಿರ ಮೀಟರಿಗಿಂತ ಎತ್ತರದ ಶಿಖರಗಳ ಆರೋಹಣವನ್ನು ಭೂತಾನ್ ನಿಲ್ಲಿಸಿತು. 2003ರಿಂದ ಪರ್ವತಾರೋಹಣವೇ ಇಲ್ಲ. ಬೆಟ್ಟ ದೇವರ ಮನೆ, ಅದರ ನೆತ್ತಿ ತುಳಿಯಬಾರದು ಎಂಬುದು ಅಲ್ಲಿನ ಹಳ್ಳಿಗರ ನಂಬಿಕೆ. ನೇಪಾಳದಲ್ಲೂ ಇಂಥ ಬೆಟ್ಟವೊಂದಿದೆ. ಪೋಖರಾದ ಫೇವಾ ಸರೋವರದ ದಡದಲ್ಲಿ ನಿಂತರೆ ಕಾಣುವ ಮಾಛಾಪುಛ್ರೆಯನ್ನು ಏರಲು ಅನುಮತಿಯಿಲ್ಲ.

ಯಾವ ನೀತಿ ಸರಿ? ಇದು ಊಟದ ಮೇಜಿನ ಸುತ್ತ ಒಂದು ಸಂಜೆ ಚರ್ಚಿಸಬಹುದಾದ ಪ್ರಶ್ನೆ. ಒಂದರಲ್ಲಿ ಬಡವನ ಜೋಳಿಗೆಗೆ ಕಾಸು ಬೀಳುತ್ತದೆ, ಬೆಟ್ಟ ಸವೆಯುತ್ತದೆ. ಇನ್ನೊಂದರಲ್ಲಿ ಬೆಟ್ಟ ಉಳಿಯುತ್ತದೆ, ಕಾಸಿದ್ದವನಿಗಷ್ಟೇ ಬಾಗಿಲು ತೆರೆಯುತ್ತದೆ.

ಸುಖದ ನಾಡಿನ ಇನ್ನೊಂದು ಮಗ್ಗುಲು

ಭೂತಾನ್ ಎಂದ ಕೂಡಲೇ 'ಒಟ್ಟು ರಾಷ್ಟ್ರೀಯ ಸಂತೋಷ' ಎಂಬ ಮಾತು ಬರುತ್ತದೆ. ದೇಶದ ಏಳಿಗೆಯನ್ನು ಬರೀ ಹಣದಿಂದ ಅಳೆಯಬಾರದೆಂದು ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಎಪ್ಪತ್ತರ ದಶಕದಲ್ಲಿ ಹೇಳಿದ ಮಾತದು. ಒಳ್ಳೆಯ ಮಾತೇ. ಆದರೆ ಜಾಹೀರಾತಿನ ಹಾಳೆಗಳಲ್ಲಿ ಇಲ್ಲದ ಒಂದು ಅಧ್ಯಾಯವನ್ನೂ ದೊಡ್ಡ ತರಗತಿಯ ವಿದ್ಯಾರ್ಥಿಗಳು ತಿಳಿದಿರಬೇಕು. ತೊಂಬತ್ತರ ದಶಕದ ಆರಂಭದಲ್ಲಿ, ಪೌರತ್ವ ಮತ್ತು ನಾಡಉಡುಪಿನ ಕಟ್ಟುಪಾಡುಗಳ ನಡುವೆ, ದಕ್ಷಿಣ ಭೂತಾನ್‌ನ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತು. ಅವರು ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ನಿರಾಶ್ರಿತರ ಶಿಬಿರಗಳಲ್ಲಿ ಹದಿನೈದಿಪ್ಪತ್ತು ವರ್ಷ ಕಳೆದರು. 2008ರಿಂದ ಅವರಲ್ಲಿ ಹೆಚ್ಚಿನವರಿಗೆ ಅಮೆರಿಕ ಮುಂತಾದ ದೂರದ ದೇಶಗಳಲ್ಲಿ ನೆಲೆ ಸಿಕ್ಕಿತು.

ಭೂತಾನ್‌ನ ಸೊಗಸನ್ನು ಈ ಸಂಗತಿ ಅಳಿಸಿಹಾಕುವುದಿಲ್ಲ. ಆದರೆ ಯಾವ ದೇಶವೂ ಬರೀ ಚಿತ್ರಪಟವಲ್ಲ ಎಂಬುದನ್ನು ಹದಿಹರೆಯದವರು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಈಚಿನ ವರ್ಷಗಳಲ್ಲಿ ಭೂತಾನ್‌ನ ಓದಿದ ಯುವಜನರೂ ಆಸ್ಟ್ರೇಲಿಯದ ಕಡೆ ಗುಂಪುಗುಂಪಾಗಿ ಹೊರಟಿದ್ದಾರೆ. ತೆರೆದ ಮನೆಯಿಂದಲೂ, ಕಾವಲಿಟ್ಟ ಮನೆಯಿಂದಲೂ ಮಕ್ಕಳು ಹೊರಹೋಗುತ್ತಿದ್ದಾರೆ.

ಕನ್ನಡದ ನಂಟು

ಹಿಮಾಲಯ ನಮಗೆ ದೂರವೆಂದು ತೋರಬಹುದು. ಆದರೆ ನಂಟು ಹಳೆಯದು. ಪಶುಪತಿನಾಥನ ಮುಖ್ಯ ಅರ್ಚಕರನ್ನು 'ಮೂಲಭಟ್ಟ' ಎನ್ನುತ್ತಾರೆ. ಈ ಭಟ್ಟರು ದಕ್ಷಿಣ ಭಾರತದವರು, ಮುಖ್ಯವಾಗಿ ಕರ್ನಾಟಕದವರು ಆಗಿರುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. 2008ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಇದನ್ನು ಬದಲಿಸ ಹೊರಟಾಗ ಬೀದಿಯಲ್ಲೂ ನ್ಯಾಯಾಲಯದಲ್ಲೂ ಗದ್ದಲವೆದ್ದು, ಕಡೆಗೆ ಹಳೆಯ ಪದ್ಧತಿಯೇ ಉಳಿಯಿತು. ಗುಡಿಯ ಪಕ್ಕದಲ್ಲೇ ಬಾಗ್ಮತಿ ನದಿಯ ದಡದಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿ ಸಿದ್ಧಗೊಳಿಸುವುದು ಲೇಸು.

ಇದಕ್ಕಿಂತ ಹಿಂದಿನ ಕಥೆಯೂ ಇದೆ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ತನ್ನನ್ನು ಕರ್ಣಾಟ ವಂಶದವನೆಂದು ಕರೆದುಕೊಂಡ. ಚಾಲುಕ್ಯರ ದಂಡಯಾತ್ರೆಗಳ ಜತೆ ಉತ್ತರಕ್ಕೆ ಹೋದ ಮನೆತನ ಅದೆಂದು ಇತಿಹಾಸಕಾರರ ಊಹೆ. ಆ ವಂಶದ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದಿನ ನೇಪಾಳದ ಬಾರಾ ಜಿಲ್ಲೆಯಲ್ಲಿವೆ. ಕಠ್ಮಂಡು ಕಣಿವೆಯ ಮಲ್ಲ ಅರಸರು ಮುಂದೆ ತಮ್ಮ ಮೂಲವನ್ನು ಈ ಕರ್ಣಾಟ ವಂಶಕ್ಕೇ ಜೋಡಿಸಿಕೊಂಡರು.

ಲುಂಬಿನಿಯಲ್ಲಿ ಅಶೋಕ ನಿಲ್ಲಿಸಿದ ಕಂಬವಿದೆ. ಬುದ್ಧ ಹುಟ್ಟಿದ ಸ್ಥಳವೆಂದು ತಾನೇ ಬಂದು ಪೂಜಿಸಿ, ಆ ಹಳ್ಳಿಯ ತೆರಿಗೆ ಇಳಿಸಿದೆನೆಂದು ಅರಸ ಅದರಲ್ಲಿ ಬರೆಸಿದ್ದಾನೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇರುವುದೂ ಅದೇ ಅರಸನ ಶಾಸನಗಳು, ಅದೇ ಬ್ರಾಹ್ಮೀ ಲಿಪಿ. ಮಸ್ಕಿಯನ್ನು ನೋಡಿ ಲುಂಬಿನಿಗೆ ಹೋದ ವಿದ್ಯಾರ್ಥಿಗೆ ಮೌರ್ಯ ಸಾಮ್ರಾಜ್ಯದ ಉದ್ದಗಲ ಮತ್ತೆ ಮರೆಯದು.

ಭೂತಾನ್‌ನ ನಂಟು ಕೊಡಗಿನ ದಾರಿಯಲ್ಲಿದೆ. ಬೈಲಕುಪ್ಪೆಯ ಚಿನ್ನದ ಗುಡಿಯಲ್ಲಿ ಬುದ್ಧನ ಪಕ್ಕದಲ್ಲಿ ಕುಳಿತಿರುವ ಗುರು ಪದ್ಮಸಂಭವನನ್ನು ಶಾಲಾ ಪ್ರವಾಸದಲ್ಲಿ ಬಹಳ ಮಕ್ಕಳು ನೋಡಿದ್ದಾರೆ. ಅದೇ ಗುರು ಎಂಟನೆಯ ಶತಮಾನದಲ್ಲಿ ಹುಲಿಯ ಬೆನ್ನೇರಿ ತಾಕ್ತ್ಸಾಂಗ್ ಗವಿಗೆ ಬಂದನೆಂಬುದು ಭೂತಾನೀಯರ ನಂಬಿಕೆ.

ಕಾಗದಪತ್ರ, ಕಾಸು, ಗಡಿಯಾರ

ನೇಪಾಳಕ್ಕೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಹದಿನೈದು ವರ್ಷದೊಳಗಿನವರಿಗೆ, 65 ದಾಟಿದವರಿಗೆ ಆಧಾರ್ ನಡೆಯುತ್ತದೆ, ಉಳಿದವರಿಗೆ ನಡೆಯದು. ಹದಿನೈದರಿಂದ ಹದಿನೆಂಟರ ನಡುವಿನವರು ನಿಗದಿತ ನಮೂನೆಯಲ್ಲಿ ಶಾಲೆಯ ಮುಖ್ಯಸ್ಥರು ಕೊಡುವ ಗುರುತಿನ ಪತ್ರ ತೋರಿಸಬಹುದು. ಭೂತಾನ್‌ಗೆ ವಯಸ್ಕರಿಗೆ ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ, ಮಕ್ಕಳಿಗೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ. ಜತೆಗೆ ಪ್ರವೇಶದ ಪರ್ಮಿಟ್. ಅನೇಕ ಸ್ಥಳಗಳಿಗೆ ಪರವಾನಗಿಯುಳ್ಳ ಗೈಡ್ ಜತೆಯಲ್ಲಿರಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ವಾರ ಮತ್ತೊಮ್ಮೆ ವಿಚಾರಿಸಬೇಕು.

ಭೂತಾನ್‌ನ ನುಲ್ಟ್ರಂ ನಮ್ಮ ರೂಪಾಯಿಗೆ ಸಮ. ನೇಪಾಳದಲ್ಲಿ 1993ರಿಂದ ನಮ್ಮ 100 ರೂಪಾಯಿಗೆ ಅವರ 160. ಅಂಗಡಿಯಲ್ಲಿ ಬೆಲೆ ಕೇಳಿದಾಗ 'ಐಸಿಯೋ, ಎನ್‌ಸಿಯೋ' ಎಂದು ಕೇಳಿಕೊಳ್ಳಬೇಕು. ಐಸಿ ಎಂದರೆ ಭಾರತದ ಹಣ, ಎನ್‌ಸಿ ನೇಪಾಳದ್ದು. ಕೇಳದಿದ್ದರೆ ಕಿಸೆಗೆ ಕತ್ತರಿ! ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ 2018ರಲ್ಲಿ ನಿಷೇಧಿಸಿತ್ತು. ಹೊರಡುವ ಮುನ್ನ ಆಗಿನ ನಿಯಮ ತಿಳಿದುಕೊಂಡು, ನೂರರ ನೋಟುಗಳನ್ನು ಜೋಡಿಸಿಕೊಂಡರೆ ನಿಶ್ಚಿಂತೆ. ಲೆಕ್ಕದ ಹೊಣೆಯನ್ನು ಮಗ ಅಥವಾ ಮಗಳಿಗೇ ವಹಿಸಿದರೆ ಶೇಕಡಾವಾರು ಲೆಕ್ಕಗಳು ತಾವಾಗಿ ಬರುತ್ತವೆ. ಗಡಿಯಾರವನ್ನೂ ತಿರುಗಿಸಬೇಕು. ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದೆ, ಭೂತಾನ್ ಅರ್ಧ ಗಂಟೆ.

ರೈಲಿನಲ್ಲಿ ಹೋಗುವವರಿಗೆ ಯಶವಂತಪುರದಿಂದ ಗೋರಖ್‌ಪುರಕ್ಕೆ ಗಾಡಿಯಿದೆ. ಅಲ್ಲಿಂದ ಸುಮಾರು ನೂರು ಕಿ.ಮೀ. ದೂರದ ಸುನೌಲಿ ಗಡಿ ದಾಟಿದರೆ ಲುಂಬಿನಿ ಹತ್ತಿರ. ಭೂತಾನ್‌ಗಾದರೆ ಬೆಂಗಳೂರಿನಿಂದ ಗುವಾಹಟಿ ಕಡೆಯ ರೈಲಿನಲ್ಲಿ ನ್ಯೂ ಜಲ್‌ಪೈಗುರಿಗೆ, ಅಲ್ಲಿಂದ ಜೈಗಾಂವ್–ಫುಂಟ್‌ಶೋಲಿಂಗ್ ಗಡಿಗೆ. ಮುಂದೆ ಥಿಂಪುವಿಗೆ ಐದಾರು ಗಂಟೆ ತಿರುವು ತಿರುವಿನ ಘಾಟಿ. ಚಾರ್ಮಾಡಿಯಲ್ಲೇ ಹೊಟ್ಟೆ ತೊಳಸುವ ಮಕ್ಕಳಿದ್ದರೆ ನಿಂಬೆಹಣ್ಣು ಮರೆಯಬಾರದು.

ಹೆತ್ತವರ ಚಿಂತೆ

ಎತ್ತರದ ಭಯ ಬಹಳ ಮಂದಿಗಿರುತ್ತದೆ. ಕಠ್ಮಂಡು ಸುಮಾರು 1,400 ಮೀಟರ್, ನಮ್ಮ ನಂದಿ ಬೆಟ್ಟಕ್ಕಿಂತ ತುಸು ಕೆಳಗೆ. ಥಿಂಪು 2,300 ಮೀಟರ್, ಮುಳ್ಳಯ್ಯನಗಿರಿಗಿಂತ ಎತ್ತರ. ತಾಕ್ತ್ಸಾಂಗ್ 3,120 ಮೀಟರ್. ಮೊದಲ ದಿನವೇ ಅದನ್ನು ಹತ್ತುವ ಆತುರ ಬೇಡ. ಎರಡು ದಿನ ಕಣಿವೆಯಲ್ಲಿ ಓಡಾಡಿ ಮೈ ಒಗ್ಗಿಸಿಕೊಂಡು ಹೋದರೆ ಮಕ್ಕಳೂ ನಗುನಗುತ್ತ ಹತ್ತುತ್ತಾರೆ. ಉಸಿರಾಟದ ತೊಂದರೆ, ಹೃದಯದ ಕಾಯಿಲೆ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಎರಡೂ ದೇಶಗಳ ರಸ್ತೆಗಳಲ್ಲಿ ಗುಡ್ಡ ಕುಸಿಯುತ್ತದೆ. 2024ರ ಜುಲೈಯಲ್ಲಿ ನೇಪಾಳದಲ್ಲಿ ಎರಡು ಬಸ್ಸುಗಳು ಭೂಕುಸಿತಕ್ಕೆ ಸಿಕ್ಕಿ ತ್ರಿಶೂಲಿ ನದಿಗೆ ಬಿದ್ದವು. ಆ ತಿಂಗಳುಗಳನ್ನು ಬಿಟ್ಟು, ಅಕ್ಟೋಬರ್–ನವೆಂಬರ್ ಇಲ್ಲವೇ ಮಾರ್ಚ್–ಏಪ್ರಿಲ್ ಆರಿಸಿಕೊಳ್ಳುವುದು ಕ್ಷೇಮ. ನಮ್ಮ ದಸರಾ ರಜೆಯ ಹೊತ್ತಿಗೇ ನೇಪಾಳದ ದೊಡ್ಡ ಹಬ್ಬ ದಶೈನ್ ಬರುತ್ತದೆ. ಎಲ್ಲರೂ ಊರಿಗೆ ಹೊರಡುವುದರಿಂದ ಬಸ್ಸುಗಳು ತುಂಬಿರುತ್ತವೆ, ಕಚೇರಿ ಅಂಗಡಿಗಳು ಮುಚ್ಚಿರುತ್ತವೆ. ಆದರೆ ಬಿದಿರಿನ ದೊಡ್ಡ ಉಯ್ಯಾಲೆಗಳು, ಆಕಾಶದ ತುಂಬ ಗಾಳಿಪಟ! ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟ ಹಾಕಿ ಸಸಿ ಬೆಳೆಸುವಂತೆ ಅಲ್ಲೂ ಬಾರ್ಲಿಯ ಸಸಿ ಬೆಳೆಸಿ ಹಿರಿಯರು ಕಿರಿಯರ ತಲೆಗೆ ಮುಡಿಸುತ್ತಾರೆ.

2025ರ ಸೆಪ್ಟೆಂಬರಿನ ಘಟನೆಯನ್ನೂ ಮರೆಯುವಂತಿಲ್ಲ. ಸಾಮಾಜಿಕ ಜಾಲತಾಣಗಳ ನಿಷೇಧ, ಭ್ರಷ್ಟಾಚಾರಗಳ ವಿರುದ್ಧ ನೇಪಾಳದ ಯುವಜನ ಬೀದಿಗಿಳಿದರು. ಗೋಲಿಬಾರಿನಲ್ಲಿ ವಿದ್ಯಾರ್ಥಿಗಳೂ ಸತ್ತರು. ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಪ್ರಧಾನಿ ರಾಜೀನಾಮೆ ಕೊಟ್ಟರು. ವಿಮಾನ ನಿಲ್ದಾಣ ಮುಚ್ಚಿ ಭಾರತೀಯ ಪ್ರವಾಸಿಗರೂ ಸಿಕ್ಕಿಬಿದ್ದರು. ಎರಡು ದಿನದ ಹೆಚ್ಚುವರಿ ಖರ್ಚು, ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ, ಪ್ರಯಾಣ ವಿಮೆ ಈ ಮೂರೂ ಜತೆಯಲ್ಲಿರಬೇಕೆಂಬುದು ಇದರಿಂದ ಕಲಿಯಬೇಕಾದದ್ದು.

ಹಾಗಾದರೆ ಯಾವುದು?

ಕೈಯಲ್ಲಿ ಐದೇ ದಿನವಿದ್ದು, ಹಣಕ್ಕೆ ಅಷ್ಟು ಬಿಗಿಯಿಲ್ಲದೆ, ಗದ್ದಲ ಒಗ್ಗದ ಮನೆಯವರಿಗೆ ಭೂತಾನ್ ಒಪ್ಪುತ್ತದೆ. ಥಿಂಪು, ಪುನಾಖಾ, ಪಾರೊ ಅಷ್ಟರಲ್ಲಿ ನೋಡಿ ಮುಗಿಯುತ್ತವೆ. ವಾರ, ಹತ್ತು ದಿನ ಬಿಡುವಿದ್ದು, ಅಳೆದು ಸುರಿದು ಖರ್ಚು ಮಾಡುವ, ಗುಡಿ, ಕಾಡು, ಸರೋವರ, ಇತಿಹಾಸ ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ಬಯಸುವ ಮನೆಯವರಿಗೆ ನೇಪಾಳ. ಕಠ್ಮಂಡು ಕಣಿವೆಗೆ ಮೂರು ದಿನ, ಪೋಖರಾಗೆ ಎರಡು, ಘೇಂಡಾಮೃಗಗಳ ಚಿತ್ವನ್ ಅಥವಾ ಲುಂಬಿನಿಗೆ ಎರಡು.

ಶಾಲಾ ಮಕ್ಕಳಿರುವ ಸಾಧಾರಣ ಸಂಸಾರಕ್ಕೆ ಒಂದೇ ಮಾತಿನಲ್ಲಿ ಹೇಳುವುದಾದರೆ: ಮೊದಲು ನೇಪಾಳ, ಆಮೇಲೆ ಭೂತಾನ್. ಖರ್ಚು ಕಡಿಮೆ ಎಂಬುದು ಇದಕ್ಕೆ ಒಂದು ಕಾರಣ ಮಾತ್ರ. ತೆರೆದ ಬಾಗಿಲಿನ ಮನೆಯನ್ನು, ಅದರ ಸಡಗರವನ್ನೂ ಸುಸ್ತನ್ನೂ ನೋಡಿದ ಮೇಲೆ, ಪಕ್ಕದ ಮನೆಯವರು ಬಾಗಿಲಲ್ಲಿ ಕಾವಲು ಇಟ್ಟದ್ದೇಕೆ ಎಂಬುದು ಅರ್ಥವಾಗುತ್ತದೆ. ಮೊದಲೇ ಭೂತಾನ್ ನೋಡಿದ ಹುಡುಗನಿಗೆ ನೇಪಾಳ ಬರೀ ಗಲೀಜೆಂದು ತೋರುವ ಅಪಾಯವಿದೆ. ನೇಪಾಳ ನೋಡಿ ಬೆಳೆದು, ಪದವಿಯ ವರ್ಷಗಳಲ್ಲಿ ಭೂತಾನ್‌ಗೆ ಹೋದವನು ಎರಡನ್ನೂ ತೂಗಿ ನೋಡಬಲ್ಲ.

ಆಯ್ಕೆಯನ್ನು ಮಾತ್ರ ಮಕ್ಕಳ ಜತೆ ಕುಳಿತೇ ಮಾಡಬೇಕು. ಒಂದು ಹಾಳೆಯ ನಡುವೆ ಗೆರೆ ಎಳೆದು ಎರಡೂ ದೇಶಗಳ ಹೆಸರು ಬರೆದು, ದಿನ, ದುಡ್ಡು, ನೋಡಬೇಕಾದದ್ದು, ಎಚ್ಚರ ವಹಿಸಬೇಕಾದದ್ದು ಎಲ್ಲವನ್ನೂ ಅವರ ಕೈಯಲ್ಲೇ ತುಂಬಿಸಬೇಕು. ಆ ಹಾಳೆಯ ಕೆಳಗೆ ಕೊನೆಯ ಸಾಲೊಂದು ಇರಲಿ: ನಾವು ಅವರ ಮನೆಗೆ ಹೋಗುತ್ತಿದ್ದೇವೆ, ಅಲ್ಲಿ ಹೇಗಿರಬೇಕು? ಈ ಸಾಲಿಗೆ ಉತ್ತರ ಬರೆದ ಮಗು ಯಾವ ಗಡಿ ದಾಟಿದರೂ ಚಿಂತೆಯಿಲ್ಲ.